ಕೆಂಪು ಗುರುತಿನ ಗಂಟುಗಳು

2020ರ ಮಾರ್ಚ್ 26ರ ಬೆಳಿಗ್ಗೆ, ಅಂದರೆ ಲಾಕ್‌ಡೌನ್ ಜಾರಿಯಾದ ಮರುದಿನ, ಬಳ್ಳಾರಿಯ ಹೊರವಲಯದಲ್ಲಿದ್ದ ನಮ್ಮ ಪಾರ್ಸಲ್ ಗೋದಾಮಿನ ಮಾಲೀಕರು ನನ್ನ ಕೈಗೆ ಒಂದು ಕೆಂಪು ಮಾರ್ಕರ್ ಪೆನ್ನು ಕೊಟ್ಟು, ಒಳಗೆ ಬಿದ್ದಿರುವ ಮಾಲನ್ನೆಲ್ಲ ಎರಡು ಪಾಲು ಮಾಡಬೇಕೆಂದರು. ಅಗತ್ಯ ವಸ್ತುಗಳು ಬಾಗಿಲ ಬಳಿ ಇರಬೇಕು. ಅಗತ್ಯವಲ್ಲದವುಗಳಿಗೆ ಕೆಂಪು ಗುರುತು ಹಾಕಿ ಹಿಂದಿನ ಗೋಡೆಗೆ ಒತ್ತಿ ಪೇರಿಸಬೇಕು. ನಾನಾಗ ಅಲ್ಲಿ ಬುಕಿಂಗ್ ಗುಮಾಸ್ತನಾಗಿದ್ದೆ. ಹನ್ನೊಂದು ವರ್ಷ ಬಿಲ್ಟಿ, ಅಂದರೆ ಮಾಲಿನ ಸಾಗಣೆ ರಸೀದಿ, ಬರೆದವನಿಗೆ ಊರಿಗೆ ಏನು ಬರುತ್ತದೆ, ಊರಿನಿಂದ ಏನು ಹೋಗುತ್ತದೆ ಎಂಬುದು ಬಾಯಿಪಾಠವಾಗಿರುತ್ತದೆ. ಅರ್ಧ ಗಂಟೆಯ ಕೆಲಸವೆಂದುಕೊಂಡು ಶುರು ಮಾಡಿದವನು ಮಧ್ಯಾಹ್ನದ ಹೊತ್ತಿಗೆ ಪೆನ್ನನ್ನು ಜೇಬಿಗಿಟ್ಟು ಸುಮ್ಮನೆ ಕುಳಿತುಬಿಟ್ಟೆ.

ಬೇಳೆಯ ಚೀಲಗಳಲ್ಲಿ, ಔಷಧದ ಪೆಟ್ಟಿಗೆಗಳಲ್ಲಿ ತಕರಾರಿರಲಿಲ್ಲ. ಜೀನ್ಸ್ ಪ್ಯಾಂಟಿನ ಗಂಟು, ಪ್ಲಾಸ್ಟಿಕ್ ಹೂವು, ಯಾರದೋ ಮದುವೆಗೆಂದು ತರಿಸಿದ್ದ ಸ್ಟೀಲ್ ಪಾತ್ರೆಗಳಿಗೆ ಗುರುತು ಹಾಕುವಾಗಲೂ ಕೈ ತಡವರಿಸಲಿಲ್ಲ. ಇವೆರಡರ ನಡುವೆ ಉಳಿದ ಮಾಲೇ ನನ್ನನ್ನು ಕಾಡಿದ್ದು. ಕೂಸಿನ ಡೈಪರ್ ಯಾವ ಕಡೆಗೆ ಸೇರಬೇಕು? ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್? ಕನ್ನಡಕದ ಗಾಜು? ಕಾರಟಗಿಯ ಅಕ್ಕಿ ಗಿರಣಿಯೊಂದಕ್ಕೆ ಹೋಗಬೇಕಾಗಿದ್ದ ರಬ್ಬರ್ ರೋಲರ್‌ಗಳು ನಾಲ್ಕು ಪೆಟ್ಟಿಗೆಗಳಲ್ಲಿದ್ದವು. ಅಕ್ಕಿ ಅಗತ್ಯ ವಸ್ತುವೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಭತ್ತದ ಸಿಪ್ಪೆ ಬಿಡಿಸುವ ರೋಲರ್ ಸವೆದುಹೋದ ಗಿರಣಿ ಅಕ್ಕಿಯನ್ನು ಎಲ್ಲಿಂದ ತರಬೇಕೆಂಬುದನ್ನು ಪಟ್ಟಿ ಮಾಡಿದವರು ಯೋಚಿಸಿದಂತಿರಲಿಲ್ಲ. ನಾನು ಆ ನಾಲ್ಕು ಪೆಟ್ಟಿಗೆಗಳನ್ನು ಗೋದಾಮಿನ ನಡುವೆ, ಯಾವ ಪಾಲಿಗೂ ಸೇರದಂತೆ ಇಟ್ಟೆ. ಸಂಜೆಯ ಹೊತ್ತಿಗೆ ಆ ನಡುವಿನ ಗುಂಪೇ ಮಿಕ್ಕ ಎರಡಕ್ಕಿಂತ ದೊಡ್ಡದಾಗಿತ್ತು.

ಸರ್ಕಾರಕ್ಕೂ ಇದೇ ಪಾಡು ಬಂದಿತೆಂಬುದು ನಂತರದ ದಿನಗಳಲ್ಲಿ ತಿಳಿಯಿತು. ಮಾರ್ಚ್ 24ರ ಕೇಂದ್ರ ಗೃಹ ಸಚಿವಾಲಯದ ಆದೇಶವು ಆಹಾರ, ಔಷಧ, ವೈದ್ಯಕೀಯ ಸಲಕರಣೆಯಂಥ ಅಗತ್ಯ ವಸ್ತುಗಳ ವಿತರಣೆಗೆ ವಿನಾಯಿತಿ ಕೊಟ್ಟಿತ್ತು. ಐದೇ ದಿನಗಳಲ್ಲಿ, ಮಾರ್ಚ್ 29ರಂದು, ಅಗತ್ಯ ಮತ್ತು ಅಗತ್ಯವಲ್ಲದ್ದು ಎಂಬ ಭೇದವಿಲ್ಲದೆ ಎಲ್ಲ ಸರಕಿನ ಸಾಗಣೆಗೂ ಅವಕಾಶವಿದೆಯೆಂದು ರಾಜ್ಯಗಳಿಗೆ ಪತ್ರ ಹೋಯಿತು. ದಿನಸಿಯ ವ್ಯಾಪ್ತಿಯಲ್ಲಿ ಸಾಬೂನು, ಟೂತ್‌ಪೇಸ್ಟ್, ಸ್ಯಾನಿಟರಿ ಪ್ಯಾಡ್, ಡೈಪರ್, ಬ್ಯಾಟರಿ ಸೆಲ್, ಚಾರ್ಜರ್ ಕೂಡ ಸೇರುತ್ತವೆಂದು ಅದೇ ಪತ್ರದಲ್ಲಿ ಬಿಡಿಸಿ ಹೇಳಲಾಯಿತು. ಏಪ್ರಿಲ್ 21ರಂದು ವಿದ್ಯಾರ್ಥಿಗಳ ಪುಸ್ತಕದ ಅಂಗಡಿಗಳಿಗೂ ವಿದ್ಯುತ್ ಫ್ಯಾನಿನ ಅಂಗಡಿಗಳಿಗೂ ವಿನಾಯಿತಿ ಸಿಕ್ಕಿತು. ಬಳ್ಳಾರಿಯಲ್ಲಿರುವುದು ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲಗಳೆಂದು ನಾವೇ ನಮ್ಮನ್ನು ಗೇಲಿ ಮಾಡಿಕೊಳ್ಳುತ್ತೇವೆ. ಇಂಥ ಊರಿನಲ್ಲಿ ಫ್ಯಾನು ಅಗತ್ಯ ವಸ್ತುವೆಂದು ತಿಳಿಯಲು ದೆಹಲಿಗೆ ಏಪ್ರಿಲ್ ಮೂರನೆಯ ವಾರದವರೆಗೆ ಬೇಕಾಯಿತೆಂದು ನಮ್ಮ ಹಮಾಲರು ನಕ್ಕದ್ದು ನೆನಪಿದೆ. ಆ ಹೊತ್ತಿಗೆ ನನ್ನ ಕೆಂಪು ಗುರುತು ಹೊತ್ತ ಇಪ್ಪತ್ತಕ್ಕೂ ಹೆಚ್ಚು ಫ್ಯಾನುಗಳು ಹಿಂದಿನ ಗೋಡೆಯ ಬಳಿ ಇದ್ದವು.

ಈ ಪಟ್ಟಿಯ ಗೊಂದಲದಲ್ಲಿ ನನ್ನಿಂದಲೇ ಒಂದು ತಪ್ಪು ನಡೆಯಿತು. ಏಪ್ರಿಲ್ ಮೊದಲ ವಾರದಲ್ಲಿ ಕೌಲ್ ಬಜಾರಿನ ಕಡೆಯಿಂದ ಒಬ್ಬ ಹೆಣ್ಣುಮಗಳು, ಜೀನ್ಸ್ ಹೊಲಿದು ಬದುಕುವವರು, ತಮ್ಮ ಹೆಸರಿಗೆ ಬಂದಿದ್ದ ದಾರದ ಪೆಟ್ಟಿಗೆಯನ್ನು ಬಿಡಿಸಿಕೊಳ್ಳಲು ನಡೆದುಕೊಂಡೇ ಬಂದರು. ಮಾರ್ಚ್ 29ರ ಪತ್ರದ ವಿಷಯ ನನಗಿನ್ನೂ ತಿಳಿದಿರಲಿಲ್ಲ, ದಾರಕ್ಕೆ ಕೆಂಪು ಗುರುತು ಬಿದ್ದಿತ್ತು. ಕೊಡಲಾಗದೆಂದೆ. ಅವರು ಮುಖಕ್ಕೆ ಕಟ್ಟಿಕೊಂಡಿದ್ದ ಸೆರಗನ್ನು ಸ್ವಲ್ಪ ಇಳಿಸಿ, "ಅಣ್ಣಾರ, ನನಗ ಮಾಸ್ಕಿನ ಆರ್ಡರ್ ಬಂದೈತ್ರಿ. ಮಾಸ್ಕ್ ಹೊಲಿ ಅಂತಾರ, ದಾರ ಕೊಡಂಗಿಲ್ಲ ಅಂತೀರಿ, ಹೆಂಗ ಹೊಲೀಲಿ?" ಎಂದು ಕೇಳಿದರು. ಮಾಸ್ಕು ಮತ್ತು ಸ್ಯಾನಿಟೈಸರನ್ನು ಮಾರ್ಚ್ 13ರಂದೇ ಅಗತ್ಯ ಸರಕುಗಳ ಕಾಯ್ದೆಯಡಿ ತಂದಿದ್ದರು. ದಾರವನ್ನು ತಂದಿರಲಿಲ್ಲ. ನಾನು ಕಾಗದವನ್ನು ನೋಡಿದೆ, ಅವರು ನನ್ನನ್ನು ನೋಡಿದರು, ಬಂದ ದಾರಿಯಲ್ಲೇ ಬಿಸಿಲಿನಲ್ಲಿ ಹಿಂದಿರುಗಿದರು. ಎರಡು ದಿನ ಬಿಟ್ಟು ಮಾಲೀಕರನ್ನು ಕೇಳಿ ಪೆಟ್ಟಿಗೆಯನ್ನು ಕಳಿಸಿಕೊಟ್ಟೆನಾದರೂ, ಆ ಎರಡು ದಿನಗಳ ಲೆಕ್ಕ ನನ್ನ ಖಾತೆಯಲ್ಲೇ ಉಳಿದಿದೆ.

ಹಾಗಾದರೆ ಪಟ್ಟಿಯನ್ನು ಹರಿದೊಗೆದು, ಬಂದದ್ದನ್ನೆಲ್ಲ ಸಾಗಿಸಬೇಕಿತ್ತೆ? ಇಷ್ಟು ಓದಿದವರು ನಾನು ಹಾಗೆಯೇ ಹೇಳುತ್ತೇನೆಂದು ಭಾವಿಸಬಹುದು. ನನ್ನ ಅಭಿಪ್ರಾಯ ಬೇರೆ. ರೋಗ ಹೇಗೆ ಹರಡುತ್ತದೆಂದು ಸರಿಯಾಗಿ ತಿಳಿಯದ, ಹಮಾಲರ ಮುಖಕ್ಕೆ ಒಂದು ಟವೆಲ್ಲಿನ ಹೊರತು ಬೇರೇನೂ ಇಲ್ಲದ ಆ ಮೊದಲ ವಾರಗಳಲ್ಲಿ ಗೋದಾಮುಗಳು ತಮ್ಮ ಕೆಲಸವನ್ನು ಆದಷ್ಟು ಕಡಿಮೆ ಮಾಡಿಕೊಳ್ಳಲೇಬೇಕಾಗಿತ್ತು. ಅದನ್ನು ಅಳೆಯುವ ಕೋಲು ಮಾತ್ರ ತಪ್ಪಾಗಿತ್ತು ಎಂಬುದು ನನ್ನ ವಾದ. ಪೆಟ್ಟಿಗೆಯ ಮೇಲೆ ಬರೆದ ಹೆಸರನ್ನು ಎಲ್ಲರೂ ಓದಿದರು. ಅದನ್ನು ಎತ್ತಲು ಎಷ್ಟು ಜನ ಬೇಕೆಂದು ಯಾರೂ ಕೇಳಲಿಲ್ಲ.

ಗೋದಾಮಿನ ಒಳಗಿನ ಕೆಲಸವನ್ನು ಕಂಡಿಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಅಹಮದಾಬಾದ್ ಕಡೆಯಿಂದ ಬರುವ ಡೆನಿಮ್ ತಾನುಗಳಾಗಲಿ, ಇಲ್ಲಿಂದ ಹೊರಡುವ ಜೀನ್ಸ್ ಗಂಟುಗಳಾಗಲಿ ಒಬ್ಬನಿಂದ ಎತ್ತಲಾಗುವಂಥವಲ್ಲ. ಇಬ್ಬರು ಹಮಾಲರು ಎದುರುಬದುರಾಗಿ ಬಗ್ಗಿ, ಗಂಟಿನ ಮೂಲೆಗಳಿಗೆ ಕೊಕ್ಕೆ ಹಾಕಿ, "ಐಸಾ" ಎಂದು ಒಟ್ಟಿಗೆ ಕೂಗಿ ಎತ್ತಿ, ಮೂರನೆಯವನ ಬೆನ್ನಿಗೆ ಕೊಡುತ್ತಾರೆ. ಕೂಗದಿದ್ದರೆ ಇಬ್ಬರ ಬಲ ಒಂದೇ ಗಳಿಗೆಗೆ ಕೂಡುವುದಿಲ್ಲ, ಒಬ್ಬನ ಸೊಂಟ ಹಿಡಿಯುತ್ತದೆ. ಆ ಗಳಿಗೆಯಲ್ಲಿ ಇಬ್ಬರ ಮುಖಗಳ ನಡುವೆ ಒಂದು ಮೊಳದಷ್ಟು ಅಂತರವೂ ಇರುವುದಿಲ್ಲ. ಆರು ಅಡಿ ದೂರ ನಿಲ್ಲಿ ಎಂಬ ಮಾತನ್ನು ಟಿ.ವಿ. ದಿನವಿಡೀ ಹೇಳುತ್ತಿದ್ದಾಗ, ನಮ್ಮಲ್ಲಿ ದಿನಕ್ಕೆ ನೂರಾರು ಸಲ ಮುಖಕ್ಕೆ ಮುಖ ಕೊಟ್ಟು ಕೂಗುವ ಕೆಲಸ ನಡೆಯುತ್ತಿತ್ತು. ಕನ್ನಡಕದ ಗಾಜಿನ ಪೆಟ್ಟಿಗೆಯನ್ನೋ ಫ್ಯಾನನ್ನೋ ಒಬ್ಬನೇ ಒಂದು ಕೈಯಲ್ಲಿ ಹಿಡಿದು ಲಾರಿಗೆ ಏರಿಸಬಲ್ಲ. ರೋಗದ ದೃಷ್ಟಿಯಿಂದ ನೋಡಿದರೆ, ಅಗತ್ಯವೆನಿಸಿದ ಕ್ವಿಂಟಾಲ್ ಮೂಟೆಗಿಂತ ಅಗತ್ಯವಲ್ಲದ ಫ್ಯಾನೇ ಹೆಚ್ಚು ನಿರಪಾಯಕಾರಿಯಾಗಿತ್ತು. ಇದನ್ನು ನನಗೆ ಹೇಳಿಕೊಟ್ಟವನು ನಮ್ಮಲ್ಲಿಯ ಹಿರಿಯ ಹಮಾಲ. ನಾನು ಪೆನ್ನು ಹಿಡಿದು ಓಡಾಡುವುದನ್ನು ನೋಡಿ, "ಸಾರ್, ಬಿಲ್ಟಿ ಏನ್ ನೋಡ್ತೀರಿ, ತೂಕ ನೋಡ್ರಿ" ಎಂದಿದ್ದ. ಅಂದು ಅದನ್ನು ಕೆಲಸಗಳ್ಳತನವೆಂದುಕೊಂಡೆ.

ಜನರ ಭಯವಂತೂ ಪೆಟ್ಟಿಗೆಯ ಮೇಲೆಯೇ ನೆಟ್ಟಿತ್ತು. ರಟ್ಟಿನ ಮೇಲೆ ವೈರಾಣು 24 ಗಂಟೆಗಳವರೆಗೆ, ಪ್ಲಾಸ್ಟಿಕ್ಕಿನ ಮೇಲೆ ಮೂರು ದಿನಗಳವರೆಗೆ ಉಳಿಯಬಲ್ಲದೆಂಬ ಪ್ರಯೋಗಾಲಯದ ಫಲಿತಾಂಶ 2020ರ ಮಾರ್ಚ್‌ನಲ್ಲಿ ಪ್ರಕಟವಾದ ಮೇಲೆ, ಗಿರಾಕಿಗಳು ಪಾರ್ಸಲನ್ನು ಬಿಸಿಲಿನಲ್ಲಿಟ್ಟು, ಮೇಲೆ ಸ್ಯಾನಿಟೈಸರ್ ಸುರಿದು, ಮರುದಿನ ಬಿಚ್ಚುತ್ತಿದ್ದರು. ಮೇಲ್ಮೈ ಮುಟ್ಟುವುದರಿಂದ ಸೋಂಕು ತಗಲುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆಯೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳಿದ್ದು 2021ರ ಏಪ್ರಿಲ್‌ನಲ್ಲಿ. ಅಂದರೆ ಒಂದು ವರ್ಷ ಕಾಲ ಪಾರ್ಸಲ್ ಪಡೆಯುವವನ ಆತಂಕದ ಬಗ್ಗೆಯೇ ನಾವು ಮಾತಾಡಿದೆವು. ಪಾರ್ಸಲ್ ಎತ್ತುವವನು ಉಸಿರಾಡುವ ಗಾಳಿಯ ಬಗ್ಗೆ ಮಾತು ಕಡಿಮೆ.

ಆ ಮಾತು ಗಟ್ಟಿಯಾಗಿ ಕೇಳಿಸಿದ್ದು ದೂರದ ಫ್ರಾನ್ಸಿನಲ್ಲಿ. ಅಲ್ಲಿನ ಕಾರ್ಮಿಕ ಸಂಘವೊಂದು ಅಮೆಜಾನ್ ಮೇಲೆ ಹೂಡಿದ ದಾವೆಯಲ್ಲಿ, ಕೆಲಸಗಾರರ ಪ್ರತಿನಿಧಿಗಳ ಜೊತೆ ಕುಳಿತು ಅಪಾಯವನ್ನು ಅಳೆದು ಮುಗಿಸುವವರೆಗೆ ಗೋದಾಮುಗಳಿಂದ ಆಹಾರ, ಶುಚಿತ್ವ ಮತ್ತು ವೈದ್ಯಕೀಯ ವಸ್ತುಗಳನ್ನಷ್ಟೇ ಕಳಿಸಬೇಕೆಂದು ನಾಂತೇರ್ ನ್ಯಾಯಾಲಯ 2020ರ ಏಪ್ರಿಲ್ 14ರಂದು ಆದೇಶಿಸಿತು; ಮೀರಿದರೆ ದಿನಕ್ಕೆ ಹತ್ತು ಲಕ್ಷ ಯೂರೊ ದಂಡ. ಯಾವ ಪೆಟ್ಟಿಗೆ ಯಾವ ಪಟ್ಟಿಗೆ ಸೇರುತ್ತದೆಂದು ವಿಂಗಡಿಸುವಲ್ಲಿ ತಪ್ಪಾದರೆ ದಂಡ ಬೀಳುತ್ತದೆಂಬ ಕಾರಣ ಕೊಟ್ಟು ಕಂಪನಿ ತನ್ನ ಆರೂ ಗೋದಾಮುಗಳನ್ನು ಮುಚ್ಚಿಬಿಟ್ಟಿತು. ವರ್ಸೈಲ್ಸ್‌ನ ಮೇಲ್ಮನವಿ ನ್ಯಾಯಾಲಯ ಪಟ್ಟಿಯನ್ನು ಸ್ವಲ್ಪ ಹಿಗ್ಗಿಸಿ, ದಂಡವನ್ನು ಇಳಿಸಿ, ತೀರ್ಪಿನ ತಿರುಳನ್ನು ಎತ್ತಿಹಿಡಿಯಿತು. ಸಂಘಗಳ ಜೊತೆ ಒಪ್ಪಂದವಾಗಿ ಬಾಗಿಲು ತೆರೆದದ್ದು ಮೇ 19ರಿಂದ. ಈ ಸುದ್ದಿಯನ್ನು ಓದಿದಾಗ, ನನ್ನ ಕೆಂಪು ಪೆನ್ನಿನ ಕಷ್ಟ ಅಷ್ಟು ದೊಡ್ಡ ಕಂಪನಿಗೂ ಬಂತಲ್ಲ ಎಂದು ಒಳಗೊಳಗೇ ಸಮಾಧಾನವಾದದ್ದು ನಿಜ. ಆದರೆ ಅಲ್ಲಿ ನ್ಯಾಯಾಲಯ ಸಾಮಾನಿನ ಪಟ್ಟಿಯನ್ನು ಬಳಸಿದ್ದು ಗೋದಾಮಿನೊಳಗೆ ಸೇರುವ ಜನರ ಸಂಖ್ಯೆಯನ್ನು ತಗ್ಗಿಸುವ ಉಪಾಯವಾಗಿ, ಅದೂ ಅಪಾಯ ಅಳೆಯುವ ಕೆಲಸ ಮುಗಿಯುವವರೆಗೆ ಮಾತ್ರ. ನಮ್ಮಲ್ಲಿ ಪಟ್ಟಿಯೇ ಗುರಿಯಾಗಿಹೋಯಿತು.

ಅದೇ ಕಂಪನಿ ಅಮೆರಿಕದಲ್ಲಿ ಮಾರ್ಚ್ 17ರಂದು, ಮನೆಬಳಕೆಯ ಮತ್ತು ವೈದ್ಯಕೀಯ ವಸ್ತುಗಳ ಹೊರತು ಉಳಿದ ಮಾಲನ್ನು ಗೋದಾಮುಗಳಿಗೆ ಸೇರಿಸಿಕೊಳ್ಳುವುದನ್ನು ಏಪ್ರಿಲ್ 5ರವರೆಗೆ ನಿಲ್ಲಿಸಿತ್ತು. ಅದೇ ವರ್ಷದ ಅಕ್ಟೋಬರ್ 1ರಂದು, ಮಾರ್ಚ್ 1ರಿಂದ ಸೆಪ್ಟೆಂಬರ್ 19ರ ನಡುವೆ ತನ್ನ ಸುಮಾರು 13.7 ಲಕ್ಷ ಮುಂಚೂಣಿ ಕೆಲಸಗಾರರಲ್ಲಿ 19,816 ಮಂದಿಗೆ ಸೋಂಕು ತಗಲಿತ್ತು ಅಥವಾ ತಗಲಿರಬಹುದೆಂದು ತಾನೇ ಲೆಕ್ಕ ಕೊಟ್ಟಿತು. ಹೊರಗಿನ ಸಮಾಜಕ್ಕೆ ಹೋಲಿಸಿದರೆ ಇದು ಕಡಿಮೆಯೆಂಬುದು ಅವರ ವಾದವಾಗಿತ್ತು. ಆ ವಾದ ಸರಿಯೋ ತಪ್ಪೋ, ಎಣಿಕೆಯಾದರೂ ಆಯಿತು. ನಮ್ಮ ಬಳ್ಳಾರಿಯ ಪಾರ್ಸಲ್ ಗೋದಾಮುಗಳಲ್ಲಿ, ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊತ್ತವರಲ್ಲಿ ಎಷ್ಟು ಜನರಿಗೆ ಜ್ವರ ಬಂತೆಂದು ಎಣಿಸುವ ವಹಿಯನ್ನು ನಾನಂತೂ ಎಲ್ಲಿಯೂ ಕಾಣಲಿಲ್ಲ. ನಮ್ಮ ಗೋದಾಮಿನಲ್ಲಿ ವಹಿ ಬರೆಯುತ್ತಿದ್ದವನು ನಾನೇ.

ಸಾಗಿಸಬೇಕೆಂದವರ ಕಡೆಯಲ್ಲಿ ಲಾಭಕೋರರು ಮಾತ್ರ ಇದ್ದರೆಂದು ಹೇಳಿದರೆ ನಾನು ಹುಟ್ಟಿದ ಊರಿಗೇ ಅನ್ಯಾಯ ಮಾಡಿದಂತಾಗುತ್ತದೆ. ಬಳ್ಳಾರಿ ಜೀನ್ಸ್ ಎಂಬುದು ಹೊರಗಿನವರಿಗೆ ಅಗ್ಗದ ಪ್ಯಾಂಟು. ಇಲ್ಲಿ ಅದು ಕತ್ತರಿಸುವವನ, ಹೊಲಿಯುವವನ, ಬಣ್ಣ ಹಾಕಿ ತೊಳೆಯುವವನ, ಮನೆಯ ಕಟ್ಟೆಯ ಮೇಲೆ ಕುಳಿತು ಗುಂಡಿ ಹಚ್ಚಿ ದಾರದ ತುದಿ ಕತ್ತರಿಸುವ ಹೆಂಗಸರ ಅನ್ನ. ಆ ವರ್ಷ ಲಾಕ್‌ಡೌನಿನ ಮೊದಲ ದಿನವೇ ಯುಗಾದಿ. ಮುಂದೆ ಮದುವೆಯ ತಿಂಗಳುಗಳು, ಮೇ ಕೊನೆಗೆ ರಂಜಾನ್ ಹಬ್ಬ. ವರ್ಷದ ಗಳಿಕೆಯ ಬಹುಪಾಲು ಆಗಬೇಕಾಗಿದ್ದ ಆ ಎರಡು ತಿಂಗಳ ಮಾಲು, ಸಾಗಣೆಗೆ ಅವಕಾಶ ಸಿಕ್ಕ ಮೇಲೂ ಅಂಗಡಿಗಳಿಗೆ ಬೀಗವಿದ್ದುದರಿಂದ, ನನ್ನ ಕೆಂಪು ಗುರುತು ಹೊತ್ತು ಗೋಡೆಗೆ ಒರಗಿ ಕುಳಿತಿತ್ತು. ಗಂಟು ಗಿರಾಕಿಗೆ ತಲುಪದೆ ಹಣವಿಲ್ಲ, ಹಣ ಬಾರದೆ ಹೊಲಿಗೆಯವರಿಗೆ ಮಜೂರಿ ಇಲ್ಲ. ಕೊಳ್ಳುವವನಿಗೆ ಅಗತ್ಯವಲ್ಲದ ಪ್ಯಾಂಟು ಹೊಲಿದವಳಿಗೆ ಅಗತ್ಯವೇ ಆಗಿತ್ತು. ಕೊಪ್ಪಳದ ಕಿನ್ನಾಳದ ಬೊಂಬೆಗಳಿಗೂ ಇದೇ ಮಾತು ಸಲ್ಲುತ್ತದೆ. ಬೊಂಬೆಯಿಲ್ಲದೆ ಯಾರೂ ಸಾಯುವುದಿಲ್ಲ, ಮಾಡಿದ್ದು ಮಾರಾಟವಾಗದಿದ್ದರೆ ಚಿತ್ರಗಾರರ ಮನೆಯ ಒಲೆ ಹೊತ್ತುವುದು ಕಷ್ಟ.

ಲಾರಿಯ ಲೆಕ್ಕವೂ ಇದೆ. ಔಷಧದ ಪೆಟ್ಟಿಗೆಗಳು ಲಾರಿಯ ಒಂದು ಮೂಲೆಯನ್ನು ತುಂಬುತ್ತವೆ. ಡೀಸೆಲ್ಲಿನ ಖರ್ಚು, ಚಾಲಕನ ಬತ್ತೆ ಹುಟ್ಟುವುದು ಮಿಕ್ಕ ಜಾಗವನ್ನು ತುಂಬುವ ಜೀನ್ಸು, ಪಾತ್ರೆ, ಬಿಡಿಭಾಗಗಳಿಂದ. ಹೋದ ಲಾರಿ ವಾಪಸು ಬರುವಾಗ ಖಾಲಿ ಬರುವುದಾದರೆ ಎರಡು ಪಟ್ಟು ನಷ್ಟ. ಆದ್ದರಿಂದ ಅಗತ್ಯ ವಸ್ತು ಮಾತ್ರ ಎಂದು ಹೊರಟ ಮೊದಲ ದಿನಗಳಲ್ಲಿ ಅಗತ್ಯ ವಸ್ತುವೂ ಸರಿಯಾಗಿ ಬರಲಿಲ್ಲ. ಮಾರ್ಚ್ 29ರ ಪತ್ರದ ಹಿಂದೆ ಇದೇ ಅನುಭವ ಇದ್ದಿರಬೇಕೆಂದು ನನ್ನ ಊಹೆ.

ಆನ್‌ಲೈನ್ ಕಂಪನಿಗಳ ವಿಷಯದಲ್ಲಂತೂ ನಿರ್ಧಾರ ನಾಲ್ಕೇ ದಿನಗಳಲ್ಲಿ ಹಿಂದೆ ಮುಂದೆ ಆಯಿತು. ಏಪ್ರಿಲ್ 15ರ ಮಾರ್ಗಸೂಚಿಯಲ್ಲಿ 20ರಿಂದ ಅವರ ವಾಹನಗಳು ಓಡಬಹುದೆಂದಿತ್ತು, ಮೊಬೈಲ್, ಟಿ.ವಿ. ಕೂಡ ಮನೆಗೆ ಬರುತ್ತವೆಂದು ಸುದ್ದಿಯಾಯಿತು. ಬೀಗ ಹಾಕಿಕೊಂಡು ಕುಳಿತ ಅಂಗಡಿಯವರು ಸಿಟ್ಟಾದರು, 19ರಂದು ಆ ಅವಕಾಶ ರದ್ದಾಯಿತು. ಮೇ 4ರಿಂದ, ಸೋಂಕು ಹೆಚ್ಚಿದ್ದ ಕೆಂಪು ವಲಯದ ಹೊರಗೆ ಎಲ್ಲ ಸಾಮಾನಿಗೂ ದಾರಿ ತೆರೆಯಿತು. ಬಳ್ಳಾರಿ ಕಿತ್ತಳೆ, ರಾಯಚೂರು ಮತ್ತು ಕೊಪ್ಪಳ ಹಸಿರು. ಇಲ್ಲಿಯೂ ಜಗಳ ನಡೆದದ್ದು ಅಂಗಡಿಗೂ ಆನ್‌ಲೈನಿಗೂ ನಡುವೆ. ಎರಡೂ ಕಡೆಯ ಮಾಲನ್ನು ಹೊರುವವರು ಒಬ್ಬರೇ ಆಗಿದ್ದರೂ ಅವರನ್ನು ಯಾರೂ ಕರೆದು ಕೇಳಲಿಲ್ಲ.

ಅವರನ್ನು ಕೇಳಿದ್ದರೆ ಏನು ಹೇಳುತ್ತಿದ್ದರೆಂದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ನಾನು ಕೇಳಿದ್ದೆ. ಗಂಟು ಎತ್ತಿದರೆ ರೋಗದ ಭಯ, ಎತ್ತದಿದ್ದರೆ ಕೂಲಿ ಇಲ್ಲ. ಹಮಾಲಿಯೆಂಬುದು ತಿಂಗಳ ಸಂಬಳವಲ್ಲ, ಎತ್ತಿದ ನಗಕ್ಕೆ, ಅಂದರೆ ಒಂದೊಂದು ಗಂಟು ಪೆಟ್ಟಿಗೆಗೆ, ಇಷ್ಟೆಂದು ಲೆಕ್ಕ. ನಗ ಬಾರದ ದಿನ ಲೆಕ್ಕವೂ ಇಲ್ಲ. ಸ್ವಾರಸ್ಯವೆಂದರೆ, ಎಲ್ಲ ಸರಕನ್ನೂ ಸಾಗಿಸಬಹುದೆಂಬ ಪತ್ರ ಹೊರಟ ಮಾರ್ಚ್ 29ರಂದೇ ಗೃಹ ಸಚಿವಾಲಯದ ಮತ್ತೊಂದು ಆದೇಶವೂ ಹೊರಟಿತ್ತು: ಕೆಲಸ ನಿಂತ ಅವಧಿಗೂ ಕಡಿತವಿಲ್ಲದೆ ಕೂಲಿ ಕೊಡಬೇಕೆಂದು. ಇವೆರಡನ್ನೂ ಒಟ್ಟಿಗೆ ಹಿಡಿದು ನಡೆಸಿದ್ದರೆ ನನ್ನ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಆದರೆ ಹಮಾಲರ ಹೆಸರು ನಮ್ಮ ಹಾಜರಿ ಪುಸ್ತಕದಲ್ಲಿ ಇರಲಿಲ್ಲ. ಪುಸ್ತಕದಲ್ಲಿ ಇಲ್ಲದವನಿಗೆ ಕಡಿತವಿಲ್ಲದ ಕೂಲಿ ಎಂದರೆ ಎಷ್ಟು? ಆ ಆದೇಶವೂ ಮೇ 18ರಿಂದ ಇಲ್ಲವಾಯಿತು. ರಾಜ್ಯ ಸರ್ಕಾರ ಮೇ ಮೊದಲ ವಾರದಲ್ಲಿ ಅಗಸರಿಗೆ, ಕ್ಷೌರಿಕರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಪರಿಹಾರ ಸಾರಿತು. ಹಮಾಲರ ಹೆಸರು ಅಂಥದೊಂದು ಪಟ್ಟಿಯಲ್ಲಿ ಕಂಡದ್ದು ಮರುವರ್ಷದ ಮೇ ತಿಂಗಳಲ್ಲಿ, ತಲಾ 2,000 ರೂಪಾಯಿಗೆ. ನಮ್ಮ ಮಾಲೀಕರು ಕೆಟ್ಟವರಲ್ಲ. ಅಕ್ಕಿ, ಬೇಳೆ, ಎಣ್ಣೆ ಕೊಡಿಸಿದರು. ಅದನ್ನು ದಾನವೆಂದು ಕೊಟ್ಟರು, ಹಮಾಲರೂ ದಾನವೆಂದೇ ತೆಗೆದುಕೊಂಡರು. ಆಗ ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಜುಲೈ ತಿಂಗಳಲ್ಲಿ, ಎಲ್ಲ ಮಾಲೂ ಎಂದಿನಂತೆ ಓಡಾಡುತ್ತಿದ್ದಾಗ, ಗಂಟಿನ ಎರಡು ಬದಿಗೆ ನಿಲ್ಲುತ್ತಿದ್ದ ಜೋಡಿಯೊಂದರಲ್ಲಿ ಒಬ್ಬನಿಗೆ ಜ್ವರ ಬಂತು, ನಾಲ್ಕು ದಿನ ಬಿಟ್ಟು ಇನ್ನೊಬ್ಬನಿಗೆ. ಒಂದೇ ಕೊಡದ ನೀರು, ಒಂದೇ ಬೀಡಿ, ಒಂದೇ ನೆರಳಿನ ಊಟ ಅವರದು. ಇಬ್ಬರೂ ಗುಣವಾದರು. ಒಬ್ಬನಿಗೆ ಮಾತ್ರ ಮೊದಲಿನ ದಮ್ಮು ಮರಳಲಿಲ್ಲ. ಈಗ ಸಣ್ಣ ಪೆಟ್ಟಿಗೆಗಳನ್ನಷ್ಟೇ ಎತ್ತುತ್ತಾನೆ, ಕೂಲಿಯೂ ಅಷ್ಟಕ್ಕೇ. ಅವನಿಗೆ ರೋಗ ತಂದದ್ದು ಬೇಳೆಯ ಚೀಲವೋ ಜೀನ್ಸ್ ಗಂಟೋ ಎಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಅದು ಬುದ್ಧಿಯಿಲ್ಲದ ಯೋಚನೆಯೆಂದು ಗೊತ್ತಿದ್ದರೂ ಬಿಡಲಿಲ್ಲ, ಏಕೆಂದರೆ ಚೀಲವಾಗಿದ್ದರೆ ಅವನು ಊರಿನ ಹೊಟ್ಟೆಗಾಗಿ ಕಷ್ಟಪಟ್ಟನೆಂದು ಹೇಳಿಕೊಳ್ಳಬಹುದಿತ್ತು.

ಎರಡನೆಯ ಅಲೆಯ ಹೊತ್ತಿಗೆ ಪಟ್ಟಿಗಳು ಎಷ್ಟು ಬೇಗ ತಲೆಕೆಳಗಾಗುತ್ತವೆಂಬುದನ್ನೂ ನೋಡಿದೆ. ಗೋದಾಮಿನ ಪಕ್ಕದ ವೆಲ್ಡಿಂಗ್ ಅಂಗಡಿಗೆ ಹೋಗಬೇಕಾಗಿದ್ದ ಆಮ್ಲಜನಕದ ಸಿಲಿಂಡರುಗಳು 2020ರಲ್ಲಿ ಅಗತ್ಯವಲ್ಲದ ಪಾಲಿಗೆ ಸೇರಿ ವಾರಗಟ್ಟಲೆ ಧೂಳು ತಿಂದಿದ್ದವು. 2021ರ ಏಪ್ರಿಲ್ 22ರಿಂದ ಕೆಲವೇ ಉದ್ಯಮಗಳನ್ನು ಬಿಟ್ಟು ಉಳಿದೆಲ್ಲ ಕೈಗಾರಿಕೆಗಳಿಗೆ ಆಮ್ಲಜನಕದ ಪೂರೈಕೆಯನ್ನು ನಿಲ್ಲಿಸಿ ಆಸ್ಪತ್ರೆಗಳ ಕಡೆಗೆ ತಿರುಗಿಸಿದರು. ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲಿನಿಂದ ಆಮ್ಲಜನಕದ ಟ್ಯಾಂಕರುಗಳು ಹಗಲಿರುಳು ಹೊರಟವು.

ಅಷ್ಟರೊಳಗೆ ನಾವೂ ಒಂದಿಷ್ಟು ಬದಲಾಗಿದ್ದೆವು. ಪೆನ್ನಿನ ಕೆಲಸ ಉಳಿದಿತ್ತು, ಆದರೆ ಬೇರೆ ರೀತಿಯಲ್ಲಿ. ಒಬ್ಬನೇ ಎತ್ತಬಲ್ಲ ಮಾಲು ಯಾವುದಾದರೂ ಸರಿ ಬೆಳಿಗ್ಗೆಯೇ ಹೋಗುತ್ತಿತ್ತು. ಇಬ್ಬರು ಬೇಕಾದ ಗಂಟುಗಳನ್ನು ಮನೆಯಲ್ಲೂ ಒಟ್ಟಿಗಿರುವ ಅಣ್ಣತಮ್ಮಂದಿರ ಒಂದು ಜೋಡಿಗೆ ಮಾತ್ರ, ಸಂಜೆ ಬಾಗಿಲುಗಳನ್ನೆಲ್ಲ ತೆರೆದಿಟ್ಟು ಕೊಡುತ್ತಿದ್ದೆವು. ಆಸ್ಪತ್ರೆಯ ಮಂಚದಂಥ ಭಾರದ ಅಗತ್ಯ ವಸ್ತು ಬಂದರೆ ಮಾತ್ರ ಹೆಚ್ಚು ಜನ. ಪಾಳಿ ಇಲ್ಲದ ದಿನಕ್ಕೆ ಅರ್ಧ ಕೂಲಿ ಕೊಡಬೇಕೆಂದು ನಾನು ಮಾಲೀಕರ ಬಳಿ ಮೂರು ಸಲ ಹೋದೆ. ಮೂರನೆಯ ಸಲ ಒಪ್ಪಿದರು, ಅದೂ ಐದು ವಾರಗಳಿಗೆ. ಇದರಿಂದ ಎಷ್ಟು ಜನ ಸೋಂಕಿನಿಂದ ಉಳಿದರೆಂದು ನಾನು ಹೇಳಲಾರೆ. ಹಿರಿಯ ಹಮಾಲ ಮಾತ್ರ, "ಈಗ ತಕ್ಕಡಿ ನೋಡಾಕ ಕಲತ್ರಿ" ಎಂದ.

ಆ ಮೇ ತಿಂಗಳ ಒಂದು ಬೆಳಿಗ್ಗೆ ಕೌಲ್ ಬಜಾರಿನ ಹೆಣ್ಣುಮಗಳು ಮತ್ತೆ ಬಂದರು. ಈ ಸಲ ಮುಖದ ಮೇಲೆ ಜೀನ್ಸ್ ಬಟ್ಟೆಯದೇ ಮಾಸ್ಕಿತ್ತು, ಅಂಚಿಗೆ ಪ್ಯಾಂಟಿಗೆ ಹಾಕುವಂಥ ಹಳದಿ ದಾರದ ಜೋಡು ಹೊಲಿಗೆ. ಬಾಗಿಲ ಹೊರಗೇ ನಿಂತು ನನ್ನ ಜೇಬಿನ ಕಡೆ ನೋಡಿ ಕೇಳಿದರು: "ಅಣ್ಣಾರ, ಈ ಸಲ ದಾರ ಯಾ ಕಡಿಗೆ ಹಾಕೀರಿ?" ಪೆಟ್ಟಿಗೆ ಹಗುರವಾಗಿತ್ತು. ಯಾರನ್ನೂ ಕರೆಯದೆ ನಾನೇ ಎತ್ತಿಕೊಂಡು ಹೋಗಿ ಕಟ್ಟೆಯ ಮೇಲಿಟ್ಟು ಹಿಂದೆ ಸರಿದೆ.